ಮೊಟ್ಟೆಯೊಳಗೆ ಕೊಕ್ಕು ಎಲ್ಲಿತ್ತು?

ಓದುಗರ ಪ್ರಶ್ನೆ, ಟೀಚರ ಉತ್ತರ

ಈ ತಿಂಗಳು ಬಂದ ಪತ್ರಗಳನ್ನು ಜೋಡಿಸುತ್ತಾ ಕೂತಿದ್ದೆ. ಒಬ್ಬರು ಕೋಳಿಮೊಟ್ಟೆಯ ಬಗ್ಗೆ ಕೇಳಿದ್ದಾರೆ, ಒಬ್ಬರು ಕಂಗಿನ ಸುಳಿಯ ಬಗ್ಗೆ, ಇನ್ನೊಬ್ಬರು ತಮ್ಮ ಮಗುವಿನ ಬೆರಳಿನ ಬಗ್ಗೆ. ಆದರೆ ಎಲ್ಲರ ಮನಸ್ಸಿನಲ್ಲಿ ಇರುವುದು ಒಂದೇ ವಿಷಯ. ಕಣ್ಣಿಗೂ ಕಾಣದ ಒಂದು ಜೀವಕೋಶದಿಂದ ಇಷ್ಟು ಅಚ್ಚುಕಟ್ಟಾದ ರೂಪ ಹೇಗೆ ಆಗುತ್ತದೆ? ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಈ ಪಾಠ ಬಂದಾಗ ಬೆಲ್ ಹೊಡೆದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಇವನ್ನಷ್ಟೇ ಎತ್ತಿಕೊಂಡಿದ್ದೇನೆ.

*ಟೀಚರೇ, ನಮ್ಮ ಹೇಂಟೆ ಕಾವಿಗೆ ಕೂತಿತ್ತು. ಕೈತಪ್ಪಿ ಒಂದು ಮೊಟ್ಟೆ ಒಡೆಯಿತು. ಒಳಗೆ ಹಳದಿಯ ಮೇಲೆ ಕೆಂಪು ದಾರದ ಬಲೆ ಇತ್ತು, ನಡುವೆ ಒಂದು ಚುಕ್ಕಿ ಮಿಡಿಯುತ್ತಿತ್ತು. ಕೊಕ್ಕು, ಕಾಲು ಏನೂ ಕಾಣಲಿಲ್ಲ. ಅದೆಲ್ಲ ಎಲ್ಲಿಂದ ಬರುತ್ತದೆ?*
— ಎಂಟನೇ ತರಗತಿ ವಿದ್ಯಾರ್ಥಿನಿ, ನೀರ್ಚಾಲು

ಮಗಳೇ, ನೀನು ನೋಡಿದ್ದು ಹೃದಯ. ಕಾವು ತಾಗಿದ ಎರಡನೇ ದಿನಕ್ಕೇ ಅದು ಮಿಡಿಯಲು ಶುರುಮಾಡುತ್ತದೆ. ಕೆಂಪು ಬಲೆ ಅಷ್ಟು ಚೆನ್ನಾಗಿ ಕಂಡಿದ್ದರೆ ಮೂರು ನಾಲ್ಕು ದಿನ ಆಗಿರಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಬೇರೆ ಬೇರೆ ದಿನದ ಮೊಟ್ಟೆಗಳನ್ನು ಒಡೆದು ನೋಡಿ, ಇದೇ ಮಿಡಿಯುವ ಕೆಂಪು ಚುಕ್ಕಿಯ ಬಗ್ಗೆ ಬರೆದಿಟ್ಟಿದ್ದಾನೆ.

ಹಳದಿಯೇ ಮರಿಯಾಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಳದಿ ಮರಿಯ ಬುತ್ತಿ ಅಷ್ಟೇ. ಮರಿ ಆಗುವುದು ಹಳದಿಯ ಮೇಲೆ ಕೂತಿರುವ ಒಂದು ಸಣ್ಣ ಬಿಳಿ ಚುಕ್ಕಿಯಿಂದ. ಹುಂಜದ ಜೊತೆ ಇರುವ ಹೇಂಟೆಯ ಮೊಟ್ಟೆಯಲ್ಲಿ ಕೆಲಸ ಹೊಟ್ಟೆಯೊಳಗೇ ಶುರುವಾಗಿರುತ್ತದೆ. ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಮೊಟ್ಟೆ ಹೊರಗೆ ಬೀಳುವ ಹೊತ್ತಿಗೆ ಆ ಚುಕ್ಕಿಯಲ್ಲಿ ಹತ್ತಾರು ಸಾವಿರ ಜೀವಕೋಶ ಇರುತ್ತದೆ. ಮೊಟ್ಟೆ ತಣ್ಣಗಾದರೆ ಅವು ಅಲ್ಲಿಗೇ ನಿಂತು ಕಾಯುತ್ತವೆ. ಹೇಂಟೆ ಹತ್ತು ಹನ್ನೆರಡು ದಿನ ತೆಗೆದುಕೊಂಡು ಇಟ್ಟ ಮೊಟ್ಟೆಗಳೆಲ್ಲ 21 ದಿನ ಕಾವು ಕೊಟ್ಟ ಮೇಲೆ ಹೆಚ್ಚುಕಮ್ಮಿ ಒಟ್ಟಿಗೇ ಒಡೆಯುತ್ತವೆ, ನೋಡಿದ್ದೀಯಲ್ವಾ? ಇಟ್ಟ ದಿನ ಬೇರೆಯಾದರೂ ಕಾವು ತಾಗಿದ್ದು ಎಲ್ಲಕ್ಕೂ ಒಂದೇ ದಿನ.

ಕಾವಿನ ಮೊದಲ ದಿನವೇ ದೊಡ್ಡ ಕೆಲಸ ನಡೆಯುತ್ತದೆ. ಚುಕ್ಕಿಯ ನಡುವೆ ಒಂದು ಗೆರೆ ಮೂಡುತ್ತದೆ. ಮೇಲಿನ ಜೀವಕೋಶಗಳು ಆ ಗೆರೆಯ ಕಡೆಗೆ ಸರಿದು, ಅಲ್ಲಿಂದ ಒಳಗೆ ಇಳಿದು, ಕೆಳಗೆ ಹರಡಿಕೊಳ್ಳುತ್ತವೆ. ಹೀಗೆ ಮೂರು ಪದರ ಆಗುತ್ತದೆ. ಮೇಲಿನದರಿಂದ ಚರ್ಮ, ಗರಿ, ಮೆದುಳು. ನಡುವಿನದರಿಂದ ಹೃದಯ, ರಕ್ತ, ಎಲುಬು, ಮಾಂಸ. ಕೆಳಗಿನದರಿಂದ ಕರುಳಿನ ಒಳಪದರ, ಶ್ವಾಸಕೋಶ, ಲಿವರ್. ಆಮೇಲೆ ಈ ಪದರಗಳು ಮಡಚಿಕೊಳ್ಳುತ್ತವೆ. ಅಡಕೆ ಹಾಳೆಯಿಂದ ಮುಟ್ಟಾಳೆ ಮಾಡುವುದನ್ನು ನೀನು ನೋಡಿರಬಹುದು. ಚಪ್ಪಟೆ ಹಾಳೆಯಲ್ಲಿ ಯಾರೂ ಟೊಪ್ಪಿಯನ್ನು ಅಡಗಿಸಿಟ್ಟಿರಲಿಲ್ಲ, ಮಡಚಿದ್ದಕ್ಕೆ ಆಯಿತು. ಮೊಟ್ಟೆಯೊಳಗೆ ಮಡಚುವ ಕೈ ಇಲ್ಲ. ಪದರದಲ್ಲಿರುವ ಜೀವಕೋಶಗಳೇ ತಮ್ಮ ಒಂದು ಬದಿಯನ್ನು ಸಣ್ಣ ಮಾಡಿಕೊಳ್ಳುತ್ತವೆ. ಎಲ್ಲವೂ ಒಟ್ಟಿಗೆ ಹಾಗೆ ಮಾಡಿದಾಗ ಪದರ ಬಾಗಿ, ಅಂಚಿಗೆ ಅಂಚು ಸೇರಿ, ಕೊಳವೆಯಾಗುತ್ತದೆ. ಮೆದುಳು, ಬೆನ್ನುಹುರಿ ಎಲ್ಲ ಆಗುವುದು ಹಾಗೆ. ಮೂರನೇ ದಿನ ರೆಕ್ಕೆ ಮತ್ತು ಕಾಲಿನ ಜಾಗದಲ್ಲಿ ಮೊಗ್ಗಿನಂಥ ಉಬ್ಬು ಏಳುತ್ತದೆ. ನೀನು ಹುಡುಕಿದ ಕೊಕ್ಕಿನ ಗುರುತು ಕಾಣಬೇಕಾದರೆ ಮೊದಲ ವಾರ ಮುಗಿಯುತ್ತಾ ಬರಬೇಕು.

ಹಿಂದಿನವರಿಗೂ ಇದನ್ನು ನಂಬುವುದು ಕಷ್ಟವಾಗಿತ್ತು. ಪೂರ್ತಿ ಆಕಾರದ ಪುಟಾಣಿ ಮರಿ ಮೊದಲಿನಿಂದಲೂ ಒಳಗೆ ಇರುತ್ತದೆ, ಅದು ಸುಮ್ನೆ ಉಬ್ಬಿ ದೊಡ್ಡದಾಗುತ್ತದೆ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ನಂಬಿದ್ದರು. 1694ರಲ್ಲಿ ಹಾಲೆಂಡಿನ ಹಾರ್ಟ್‌ಸೂಕರ್ ಎಂಬವರು ವೀರ್ಯಾಣುವಿನ ತಲೆಯೊಳಗೆ ಮುದುಡಿ ಕೂತ ಪುಟ್ಟ ಮನುಷ್ಯನ ಚಿತ್ರವನ್ನೇ ಬರೆದರು. ಹಾಗಾದರೆ ಆ ಪುಟ್ಟ ಮನುಷ್ಯನೊಳಗೆ ಅವನ ಮಕ್ಕಳು, ಅವರೊಳಗೆ ಮೊಮ್ಮಕ್ಕಳು ಇರಬೇಕಾಗುತ್ತದೆ. 1759ರಲ್ಲಿ ಜರ್ಮನಿಯ ಕ್ಯಾಸ್ಪರ್ ಫ್ರೀಡ್ರಿಶ್ ವೊಲ್ಫ್ ಕೋಳಿಮೊಟ್ಟೆಯನ್ನೇ ಮುಂದಿಟ್ಟುಕೊಂಡು, ಮೊದಲು ಇಲ್ಲದ ಅಂಗಗಳು ಹೊಸದಾಗಿ ಆಗುತ್ತವೆ ಎಂದು ವಾದಿಸಿದ. ಮುಂದೆ ಕರುಳು ಮೊದಲು ಹಾಳೆಯಂತಿದ್ದು ಆಮೇಲೆ ಕೊಳವೆಯಾಗುವುದನ್ನೂ ತೋರಿಸಿದ.

ಸರಿ, ಯಾವ ಜೀವಕೋಶ ಏನಾಗಬೇಕು ಅಂತ ಹೇಳುವವರು ಯಾರು? 1891ರಲ್ಲಿ ಹಾನ್ಸ್ ಡ್ರೀಷ್ ಎಂಬ ವಿಜ್ಞಾನಿ ಕಡಲಿನ ಮುಳ್ಳುಚೆಂಡಿನಂಥ ಒಂದು ಪ್ರಾಣಿಯ ಭ್ರೂಣ ಎರಡೇ ಜೀವಕೋಶ ಇದ್ದಾಗ ಅಲುಗಾಡಿಸಿ ಬೇರೆ ಮಾಡಿದ. ಅರ್ಧರ್ಧ ಮರಿ ಆಗಬೇಕಿತ್ತು ಅಲ್ವಾ? ಎರಡರಿಂದಲೂ ಪೂರ್ತಿ ಮರಿ ಬಂತು, ಗಾತ್ರ ಮಾತ್ರ ಚಿಕ್ಕದು. ಅಂದರೆ 'ನಾನು ಎಡಭಾಗ' ಎಂದು ಆ ಜೀವಕೋಶದೊಳಗೆ ಬರೆದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಇದ್ದಾಗ ಅದು ಅರ್ಧವಾಯಿತು, ಇಲ್ಲದಾಗ ಪೂರ್ತಿಯಾಯಿತು. 1924ರಲ್ಲಿ ಜರ್ಮನಿಯಲ್ಲಿ ಹಾನ್ಸ್ ಶ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ಇನ್ನೂ ಮುಂದೆ ಹೋದರು. ನ್ಯೂಟ್ ಎಂದು ಕಪ್ಪೆಯ ದೂರದ ಸಂಬಂಧಿ ಇದೆ, ನೋಡಲು ಹಲ್ಲಿಯ ಹಾಗೆ. ಅದರ ಭ್ರೂಣದಲ್ಲಿ ಬೆನ್ನಾಗಲಿರುವ ಕಡೆಯಿಂದ ಚಿಕ್ಕ ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಬದಿಗೆ ಇಟ್ಟರು. ಅಲ್ಲಿ ಬೆನ್ನುಹುರಿ ಸಮೇತ ಎರಡನೇ ಮೈ ಬೆಳೆಯಿತು. ಎರಡು ಭ್ರೂಣಗಳ ಬಣ್ಣ ಬೇರೆ ಇದ್ದದ್ದರಿಂದ ಗೊತ್ತಾಯಿತು, ಆ ಹೊಸ ಮೈಯ ಬಹುಪಾಲು ಜೀವಕೋಶಗಳು ಅಲ್ಲಿನವೇ. ಬರೀ ಹೊಟ್ಟೆಯ ಚರ್ಮವಾಗಬೇಕಾಗಿದ್ದವು ಹೊಸ ನೆರೆಯ ಮಾತು ಕೇಳಿ ಬೆನ್ನುಹುರಿಯಾದವು. ಹಿಲ್ಡೆ ಅದೇ ವರ್ಷ ಮನೆಯಲ್ಲಿ ಬೆಂಕಿ ತಗುಲಿ ತೀರಿಕೊಂಡಳು, ಇನ್ನೂ 26 ತುಂಬಿರಲಿಲ್ಲ. 1935ರಲ್ಲಿ ಶ್ಪೇಮನ್‌ಗೆ ನೊಬೆಲ್ ಬಂದಾಗ ಅವಳು ಇರಲಿಲ್ಲ. ಈ ಪಾಠ ಮಾಡುವಾಗಲೆಲ್ಲ ಅವಳ ಹೆಸರನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುತ್ತಿದ್ದೆ.

ಹಾಗಾಗಿ ಕೊಕ್ಕು ಎಲ್ಲೂ ಇರಲಿಲ್ಲ ಮಗಳೇ. ತಾನು ಎಲ್ಲಿದ್ದೇನೆ, ಪಕ್ಕದಲ್ಲಿ ಯಾರಿದ್ದಾರೆ, ಅವರು ಏನು ಕಳಿಸುತ್ತಿದ್ದಾರೆ ಎಂದು ತಿಳಿದು ನಡೆದುಕೊಳ್ಳುವ ಜೀವಕೋಶಗಳು ಇದ್ದವು. ಪೂರ್ತಿ ಕೋಳಿಯ ಚಿತ್ರ ಅವುಗಳಲ್ಲಿ ಒಂದರ ಹತ್ತಿರವೂ ಇರಲಿಲ್ಲ.

*ಬೊಂಡದಲ್ಲಿ ಮೊದಲು ಬರೀ ನೀರು, ಆಮೇಲೆ ಗಂಜಿ, ಆಮೇಲೆ ಗಟ್ಟಿ ಕಾಯಿ. ನೀರು ಕಾಯಿ ಆಗುವುದು ಹೇಗೆ? ಮೊಳಕೆ ಬಂದ ಕಾಯಿಯೊಳಗಿನ ಬಿಳಿ ಉಂಡೆ ಯಾವುದು?*
— ಗೃಹಿಣಿ, ಮಂಜೇಶ್ವರ

ಅಕ್ಕ, ನಾವು ಬೊಂಡ ಕುಡಿಯುವಾಗ ಕುಡಿಯುವುದು ಗಿಡದ ಒಂದು ಅಂಗಾಂಶವನ್ನೇ. ತೆಂಗಿನ ಹೂವಿಗೆ ಪರಾಗ ಸೇರಿದಾಗ ಎರಡು ಕೂಡಿಕೆ ಆಗುತ್ತದೆ. ಒಂದರಿಂದ ಗಿಡವಾಗುವ ಭ್ರೂಣ. ಇನ್ನೊಂದರಲ್ಲಿ ಹೆಣ್ಣಿನ ಎರಡು ಪಾಲು, ಗಂಡಿನ ಒಂದು ಪಾಲು ಕೂಡಿ ಆಹಾರದ ಭಾಗ ಆಗುತ್ತದೆ. ಮಾಮೂಲಿಯಾಗಿ ಜೀವಕೋಶ ಎರಡಾದಾಗ ನಡುವೆ ಗೋಡೆ ಏಳುತ್ತದೆ. ತೆಂಗಿನ ಈ ಭಾಗದಲ್ಲಿ ಮೊದಮೊದಲು ಗೋಡೆಯೇ ಏಳುವುದಿಲ್ಲ. ಜೀವಕೋಶದ ಬೀಜಕೇಂದ್ರಗಳು (ನ್ಯೂಕ್ಲಿಯಸ್) ಮಾತ್ರ ಎರಡಾಗುತ್ತಾ ನೀರಿನಲ್ಲಿ ತೇಲುತ್ತಿರುತ್ತವೆ. ಸುಮಾರು ಆರನೇ ತಿಂಗಳಿನಿಂದ ಅವು ಗೆರಟೆಯ ಒಳಮೈಗೆ ಬಂದು ಕೂತು ಗೋಡೆ ಕಟ್ಟಿಕೊಳ್ಳುತ್ತವೆ. ಅದು ಗಂಜಿ. ಮತ್ತೆ ಮತ್ತೆ ಪದರ ಸೇರಿ, ಎಣ್ಣೆ ತುಂಬಿ, ಹನ್ನೊಂದು ಹನ್ನೆರಡು ತಿಂಗಳಿಗೆ ನೀವು ತುರಿಯುವ ಕಾಯಿ.

ಭ್ರೂಣ ಇರುವುದು ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಕಣ್ಣಿನ ಕೆಳಗೆ. ಮೊಳಕೆ ಬರುವಾಗ ಅದರ ಬೀಜದಳದ ಒಂದು ಭಾಗ ಒಳಗೆ ಬೆಳೆದು ಸ್ಪಂಜಿನಂತೆ ಉಬ್ಬುತ್ತದೆ. ಮಲಯಾಳದವರು ಪೊಂಗ್ ಎನ್ನುವ ಸಿಹಿ ಉಂಡೆ ಅದೇ. ಅದು ಕಾಯಿಯನ್ನು ಕರಗಿಸಿ ಹೀರಿ ಸಸಿಗೆ ಕೊಡುತ್ತದೆ. ನಮ್ಮ ಮಕ್ಕಳು ಸಸಿಗೆ ಮುಂಚೆಯೇ ಅದನ್ನು ಮುಗಿಸುತ್ತಾರೆ, ಅದು ಬೇರೆ ಮಾತು.

ನಮ್ಮ ಊರಿನವರಿಗೆ ಇನ್ನೊಂದು ಹೇಳಲೇಬೇಕು. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಜೊತೆಗಾರರು ಉಮ್ಮತ್ತದ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಎಷ್ಟು ಸಕ್ಕರೆ, ಲವಣ ಕೊಟ್ಟರೂ ಆಗದಿದ್ದಾಗ ತೆಂಗಿನ ನೀರು ಹಾಕಿ ಗೆದ್ದರು. 1958ರಲ್ಲಿ ಅಮೆರಿಕದಲ್ಲಿ ಸ್ಟೀವರ್ಡ್ ಎಂಬವರು ಕ್ಯಾರೆಟ್ ಗಡ್ಡೆಯ ಜೀವಕೋಶಗಳನ್ನು ಅದೇ ನೀರಿನಲ್ಲಿ ಬೆಳೆಸಿ ಅದರಿಂದ ಪೂರ್ತಿ ಗಿಡಗಳನ್ನೇ ಪಡೆದರು. ಆ ನಡುವೆ 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಹೊಗೆಸೊಪ್ಪಿನ ಜೀವಕೋಶಗಳ ಉಂಡೆಯಲ್ಲಿ ತೋರಿಸಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಎರಡು ಹಾರ್ಮೋನ್. ಆಕ್ಸಿನ್ ಜಾಸ್ತಿ ಆದರೆ ಬೇರು, ಸೈಟೊಕೈನಿನ್ ಜಾಸ್ತಿ ಆದರೆ ಚಿಗುರು, ಎರಡೂ ಹದವಾಗಿದ್ದರೆ ಉಂಡೆ ಉಂಡೆಯಾಗಿಯೇ ದಪ್ಪವಾಗುತ್ತದೆ. ತೆಂಗಿನ ನೀರಿನಲ್ಲಿ ಸೈಟೊಕೈನಿನ್ ಇದೆ. 1964ರಲ್ಲಿ ದೆಹಲಿಯಲ್ಲಿ ಶಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ ಉಮ್ಮತ್ತದ ಹೂವಿನ ಪರಾಗದಿಂದಲೇ ಸಸಿ ಬರಿಸಿದರು, ಜಗತ್ತಿನಲ್ಲೇ ಮೊದಲು. ಆದರೆ ತೆಂಗಿನ ಜೀವಕೋಶದಿಂದ ತೆಂಗಿನ ಸಸಿ ಮಾಡುವುದು ಇವತ್ತಿಗೂ ಪ್ರಯೋಗಾಲಯದವರಿಗೆ ಬಹಳ ಕಷ್ಟದ ಕೆಲಸ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ನಮ್ಮ ಕಾಸರಗೋಡಿನ ಕೇಂದ್ರಕ್ಕೆ ಹೋಗುವ ಅವಕಾಶ ಸಿಕ್ಕಿದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿ.

*ಈ ಮಳೆಗೆ ನನ್ನ ಏಳು ಕಂಗುಗಳ ಸುಳಿ ಕೊಳೆತು ಮರವೇ ಹೋಯಿತು. ಬುಡ, ಬೇರು ಎಲ್ಲ ಗಟ್ಟಿಯಾಗಿಯೇ ಇತ್ತು. ಅದೇ ತೋಟದಲ್ಲಿ ಬಾಳೆಯನ್ನು ಅರ್ಧಕ್ಕೆ ಕಡಿದರೂ ಮರುದಿನ ನಡುವಿನಿಂದ ಮೇಲೆ ಬರುತ್ತದೆ. ಯಾಕೆ ಹೀಗೆ?*
— ಕೃಷಿಕ, ಪೆರ್ಲ

ಅಣ್ಣ, ಏಳು ಮರ ಅಂದರೆ ಸಣ್ಣ ನಷ್ಟ ಅಲ್ಲ. ಕಂಗು ಕಾಯಿಗೆ ಬರುವವರೆಗೆ ಕಾದವರಿಗೇ ಅದು ಗೊತ್ತು.

ಕೋಳಿಗೆ, ಮನುಷ್ಯನಿಗೆ ಅಂಗಗಳೆಲ್ಲ ಹುಟ್ಟುವ ಮೊದಲೇ ಆಗಿಬಿಡುತ್ತವೆ. ಗಿಡ ಹಾಗಲ್ಲ, ಸಾಯುವವರೆಗೂ ಹೊಸ ಅಂಗ ಮಾಡುತ್ತಲೇ ಇರುತ್ತದೆ. ಆ ಕೆಲಸಕ್ಕೆಂದೇ ಎಳೆಯದಾಗಿ ಉಳಿದ ಜೀವಕೋಶಗಳ ಗುಂಪು ಪ್ರತಿ ಚಿಗುರಿನ ತುದಿಯಲ್ಲಿ, ಪ್ರತಿ ಬೇರಿನ ತುದಿಯಲ್ಲಿ ಇದೆ. ನಾವು ಸುಳಿ ಎನ್ನುವುದರ ಒಳಗೆ, ಎಳೆ ಸೋಗೆಗಳ ಆಳದಲ್ಲಿ, ಆ ಗುಂಪು ಅಡಗಿ ಕೂತಿರುತ್ತದೆ. ಅದರ ನಡುವಿನ ಜೀವಕೋಶಗಳು ಎರಡಾಗುತ್ತಾ ತಮ್ಮ ಸಂಖ್ಯೆ ಉಳಿಸಿಕೊಳ್ಳುತ್ತವೆ. ಅಂಚಿಗೆ ತಳ್ಳಲ್ಪಟ್ಟವು ಸೋಗೆಯೋ ಹಿಂಗಾರವೋ ಆಗುತ್ತವೆ. ಮಾವು, ಹಲಸಿನಲ್ಲಿ ಪ್ರತಿ ಎಲೆಯ ಕಂಕುಳಲ್ಲಿ ಇಂಥ ಮೊಗ್ಗು ಇದೆ. ತಲೆ ಕಡಿದರೆ ಪಕ್ಕದ್ದು ಎದ್ದು ಬರುತ್ತದೆ. ಕಂಗು, ತೆಂಗಿನಲ್ಲಿ ಪಕ್ಕದ ಮೊಗ್ಗುಗಳೆಲ್ಲ ಹೂವಿಗೇ ಮೀಸಲು. ಇಡೀ ಮರಕ್ಕೆ ಮೇಲೆ ಬೆಳೆಯುವ ತುದಿ ಒಂದೇ ಒಂದು. ಅದು ಕೊಳೆತರೆ ಬುಡ ಎಷ್ಟು ಗಟ್ಟಿ ಇದ್ದರೂ ಹೊಸ ಸೋಗೆ ಮಾಡುವವರು ಯಾರೂ ಇಲ್ಲ. ಕಾಯಿಗೆ ಕೊಳೆರೋಗ ತರುವ ಫೈಟೋಫ್ತೊರಾ ಎಂಬ, ಶಿಲೀಂಧ್ರದಂಥ ರೋಗಾಣುವಿನ ಬಳಗವೇ ಸುಳಿಯನ್ನೂ ಕೊಳೆಸುವುದು. ಹಾಗಾಗಿ ಬೋರ್ಡೋ ದ್ರಾವಣ ಬಿಡುವಾಗ ಗೊನೆಗೆ ಮಾತ್ರ ಬಿಟ್ಟು ಇಳಿಯಬೇಡಿ, ಪಕ್ಕದ ಮರಗಳ ಸುಳಿಗೂ ತಾಗಲಿ. ಸತ್ತ ಮರದ ತಲೆ ತೋಟದಲ್ಲೇ ಬಿದ್ದಿರುವುದು ಬೇಡ, ತೆಗೆದು ಸುಟ್ಟುಬಿಡಿ.

ಬಾಳೆಯ ವಿಷಯ ಪೂರ್ತಿ ಬೇರೆ. ನಾವು ಕಡಿಯುವ ಬಾಳೆಯ ಕಂಬ ಕಾಂಡವೇ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ಬೆಳೆಯುವ ತುದಿ ಮಣ್ಣಿನೊಳಗಿನ ಗಡ್ಡೆಯಲ್ಲಿ ಕತ್ತಿಗೆ ಸಿಗದ ಹಾಗೆ ಕೂತಿದೆ. ಕಡಿದಾಗ ಮೊದಲೇ ಆಗಿದ್ದ ಎಳೆ ಎಲೆಗಳನ್ನು ಅದು ಮೇಲಕ್ಕೆ ನೂಕುತ್ತದೆ. ಪೂಂಬೆ ಹೊರಡುವ ಕಾಲಕ್ಕೆ ಮಾತ್ರ ಆ ತುದಿ ಕಂಬದೊಳಗಿಂದ ಏರಿ ಬರುತ್ತದೆ, ನಾವು ಪಲ್ಯ ಮಾಡುವ ದಿಂಡು ಅದರ ದಾರಿ. ಒಮ್ಮೆ ತುದಿ ಹೂವಾಯಿತೆಂದರೆ ಆ ಬಾಳೆ ಮತ್ತೆ ಎಲೆ ಬಿಡದು. ಗೊನೆ ಕಡಿದ ಮೇಲೆ ಆ ಕಂಬ ಏಳದೆ ಕಂದುಗಳು ಮಾತ್ರ ಬರುವುದು ಇದಕ್ಕೇ.

ಸುಳಿಯೊಳಗೆ ಎಷ್ಟು ಮುಂಚಿತವಾಗಿ ಕೆಲಸ ನಡೆಯುತ್ತದೆ ಎಂದು ನೋಡಲು ತೆಂಗಿನ ಮಡಲು ಸಾಕು. ಕುರುವಾಯಿ ದುಂಬಿ ಕೊರೆದ ಮರದಲ್ಲಿ ಮಡಲು ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಎರಡೂ ಬದಿಗೆ ಒಂದೇ ಥರದ ಕಚ್ಚು ಇರುತ್ತದಲ್ಲ? ದುಂಬಿ ಅಷ್ಟು ಅಳತೆ ಹಿಡಿದು ತಿಂದದ್ದಲ್ಲ. ಮಡಲು ಬೀಸಣಿಗೆಯ ಹಾಗೆ ಮಡಚಿಕೊಂಡು ಒಳಗೆ ಇರುವಾಗಲೇ ಒಂದು ತೂತು ಕೊರೆದಿದೆ. ಕಾಗದ ಮಡಚಿ ಒಂದು ಸಲ ಕತ್ತರಿಸಿದರೆ ಬಿಚ್ಚಿದಾಗ ಸಾಲು ಸಾಲು ಚಿತ್ತಾರ ಆಗುವ ಹಾಗೆ. ಇವತ್ತು ಹೊರಗೆ ಬಂದ ಮಡಲಿನ ಮೊದಲ ಜೀವಕೋಶಗಳು ಹೊರಟು ಎರಡು ವರ್ಷಕ್ಕೂ ಜಾಸ್ತಿ ಆಗಿರುತ್ತದೆ. ಒಂದು ಬೇಸಿಗೆಯಲ್ಲಿ ತೋಟಕ್ಕೆ ನೀರು ಸಾಕಾಗದಿದ್ದರೆ ಅದರ ಪೆಟ್ಟು ಆಮೇಲಿನ ಎರಡು ಮೂರು ವರ್ಷದ ಫಸಲಿನಲ್ಲೂ ಕಾಣುವುದು ಹೀಗೆ.

ತೆಂಗಿನ ಮರ ಹತ್ತಲು ಅಜ್ಜನ ಕಾಲದಲ್ಲಿ ಕಡಿದ ಮೆಟ್ಟಿಲು ಇವತ್ತೂ ಹಾಗೇ ಇರುತ್ತದೆ, ಹಲಸಿನ ಮರದ ಗಾಯ ಮಾತ್ರ ತುಂಬಿಕೊಳ್ಳುತ್ತದೆ. ಹಲಸಿಗೆ ತೊಗಟೆಯ ಕೆಳಗೆ ಸುತ್ತಲೂ ಎಳೆಯ ಜೀವಕೋಶಗಳ ಪದರ ಇದೆ, ತೆಂಗಿಗೆ ಇಲ್ಲ.

ಇನ್ನೂ ಒಂದು, ನಿಮ್ಮ ತೋಟದಲ್ಲೇ ಇರುವುದು. ಕಂಗಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯಲ್ಲಿ ಹತ್ತುವ ಬಳ್ಳಿಯ ತುಂಡು ನೆಟ್ಟರೆ ಬಳ್ಳಿ ಬರುತ್ತದೆ. ಕರೆ ಬಿಡುವ ಅಡ್ಡ ಕವಲಿನ ತುಂಡು ನೆಟ್ಟರೆ ಪೊದೆ ಬರುತ್ತದೆ, ಅದು ಹತ್ತುವುದಿಲ್ಲ. ಕುಂಡದಲ್ಲಿ ಬೆಳೆಸುವ ಬುಷ್ ಪೆಪ್ಪರ್ ಇದೇ. ಎರಡೂ ಒಂದೇ ಗಿಡದ ಜೀವಕೋಶ, ಒಳಗಿನ ಜೀನುಗಳೂ ಒಂದೇ. ಆದರೆ ತಾವು ಎಲ್ಲಿದ್ದೆವು ಎಂಬ ನೆನಪನ್ನು ಅವು ಬೇರೆ ಮಣ್ಣಿಗೆ ಬಂದ ಮೇಲೂ ಬಿಡಲಿಲ್ಲ.

*ನನ್ನ ಮಗುವಿನ ಬಲಗೈಯಲ್ಲಿ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳಿದೆ. ಏಳನೇ ತಿಂಗಳಲ್ಲಿ ಗ್ರಹಣದ ದಿನ ನಾನು ಮೆಟ್ಟುಕತ್ತಿಯಲ್ಲಿ ತರಕಾರಿ ಕೊಚ್ಚಿದ್ದಕ್ಕೆ ಹೀಗಾಯಿತು ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವಾ?*
— ತಾಯಿ, ಮುಳ್ಳೇರಿಯ

ಇಲ್ಲ ತಂಗಿ. ಇದನ್ನು ನಿನ್ನ ಮನೆಯವರಿಗೆ ಓದಿ ಹೇಳು.

ಮಗುವಿನ ಕೈ ಮೊದಲು ದೋಸೆ ಸಟ್ಟುಗದ ಹಾಗೆ ಚಪ್ಪಟೆಯಾಗಿರುತ್ತದೆ. ಎಷ್ಟು ಬೆರಳು, ಯಾವುದು ಎಲ್ಲಿ ಎಂಬುದೆಲ್ಲ ತೀರ್ಮಾನವಾಗಿ, ಗರ್ಭ ಕಟ್ಟಿ ಎಂಟು ವಾರ ಆಗುವಷ್ಟರಲ್ಲಿ ಬೆರಳುಗಳು ಬಿಡಿ ಬಿಡಿಯಾಗಿರುತ್ತವೆ. ನೀನು ಏಳನೇ ತಿಂಗಳಲ್ಲಿ ತರಕಾರಿ ಕೊಚ್ಚುವಾಗ ಆ ಬೆರಳು ಆಗಿ ಎಷ್ಟೋ ತಿಂಗಳಾಗಿತ್ತು.

ಬೆರಳುಗಳ ನಡುವಿನ ಸಂದು ಆಗುವುದು ಅಲ್ಲಿನ ಜೀವಕೋಶಗಳು ತಾವಾಗಿಯೇ ಸಾಯುವುದರಿಂದ. ಕೋಳಿಯ ಕಾಲಿನಲ್ಲಿ ಅವು ಸಾಯುತ್ತವೆ, ಬಾತುಕೋಳಿಯಲ್ಲಿ ಸಾಯುವ ಸೂಚನೆಯನ್ನು ಇನ್ನೊಂದು ಪ್ರೋಟೀನು ತಡೆಯುತ್ತದೆ, ಹಾಗಾಗಿ ಬಾತಿಗೆ ಈಜುವ ಪೊರೆ ಉಳಿದಿದೆ. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರಿನ ಹುಳದಲ್ಲಿ ವಿಜ್ಞಾನಿಗಳು ಒಂದೊಂದೇ ಜೀವಕೋಶ ಎಣಿಸಿದ್ದಾರೆ. ಹುಟ್ಟುವುದು 1,090, ಅದರಲ್ಲಿ 131 ಪ್ರತಿ ಹುಳದಲ್ಲೂ ತಪ್ಪದೆ ಸಾಯುತ್ತವೆ, ಉಳಿಯುವುದು 959. ಈ ಕೆಲಸಕ್ಕೆ ಬ್ರೆನ್ನರ್, ಹಾರ್ವಿಟ್ಜ್, ಸಲ್ಸ್ಟನ್ ಮೂವರಿಗೆ 2002ರಲ್ಲಿ ನೊಬೆಲ್ ಬಂತು.

ಇನ್ನು ಬೆರಳಿನ ಲೆಕ್ಕ. ಕೈಯ ಮೊಗ್ಗಿನಲ್ಲಿ ಕಿರುಬೆರಳಿನ ಬದಿಯಿಂದ ಒಂದು ಪ್ರೋಟೀನು ಹೊರಟು ಹರಡುತ್ತದೆ, ಸೋನಿಕ್ ಹೆಡ್ಜ್‌ಹಾಗ್ ಅಂತ ಅದರ ಹೆಸರು. ಹತ್ತಿರದಲ್ಲಿ ಅದು ದಟ್ಟ, ಹೆಬ್ಬೆರಳಿನ ಕಡೆಗೆ ತೀರ ತೆಳು. ದೇವರಕೋಣೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳ ಎಷ್ಟು ಬರುತ್ತದೆ ಎಂಬುದರ ಮೇಲೆ ಕಣ್ಣು ಮುಚ್ಚಿಯೂ ನಾವು ಎಷ್ಟು ದೂರ ಇದ್ದೇವೆ ಅಂತ ಹೇಳಬಹುದಲ್ವಾ, ಜೀವಕೋಶವೂ ಹಾಗೆಯೇ ತನ್ನ ಜಾಗ ತಿಳಿಯುತ್ತದೆ. 1968ರಲ್ಲಿ ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ ಕೋಳಿಯ ರೆಕ್ಕೆಯ ಮೊಗ್ಗಿನ ಹಿಂಬದಿಯ ಚೂರನ್ನು ಮುಂಬದಿಗೂ ಇಟ್ಟಾಗ ಕನ್ನಡಿಯಲ್ಲಿ ಕಂಡ ಹಾಗೆ ಬೆರಳುಗಳು ಜೋಡಿ ಜೋಡಿಯಾಗಿ ಬೆಳೆದವು. ಕೆಲವು ಮಕ್ಕಳಲ್ಲಿ ಜೀನಿನ ಸಣ್ಣ ವ್ಯತ್ಯಾಸದಿಂದ ಹೆಬ್ಬೆರಳಿನ ಬದಿಯಲ್ಲೂ ಆ ಪ್ರೋಟೀನು ಸ್ವಲ್ಪ ಹೊರಡುತ್ತದೆ, ಆಗ ಅಲ್ಲೊಂದು ಬೆರಳು ಹೆಚ್ಚಾಗುತ್ತದೆ. ಇದು ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬರಬಹುದು, ಹೊಸದಾಗಿಯೂ ಆಗಬಹುದು. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸು, ತೆಗೆಯಬೇಕಾ ಬೇಡವಾ ಅವರು ಹೇಳುತ್ತಾರೆ. ನಿನ್ನ ತಪ್ಪು ಏನೂ ಇಲ್ಲ.

*ಎಂಡೋಸಲ್ಫಾನ್ ಕಾಲದ ಸಂಕಟ ಕಂಡ ಮನೆಗಳಿಗೆ ಹೋಗಿ ಬರುತ್ತಾ ಇರುತ್ತೇನೆ. ವಿಷ ಹೊಟ್ಟೆಯೊಳಗಿನ ಮಗುವಿಗೆ ದೊಡ್ಡವರಿಗಿಂತ ಜಾಸ್ತಿ ಅಪಾಯ ಅಂತಾರೆ. ಯಾಕೆ ಟೀಚರ್?*
— ಆಶಾ ಕಾರ್ಯಕರ್ತೆ, ಎಣ್ಮಕಜೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಆ ಕೀಟನಾಶಕ ಸಿಂಪಡಿಸಿದ್ದನ್ನು ನೋಡಿದವರು ನಾವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. ಆ ಗುಡ್ಡಗಳ ಕೆಳಗಿನ ಮನೆಗಳ ಮಕ್ಕಳು ನನ್ನ ಕ್ಲಾಸಿನಲ್ಲೂ ಇದ್ದರು.

ದೊಡ್ಡವರ ಮೈ ಕಟ್ಟಿ ಮುಗಿದ ಮನೆ. ಭ್ರೂಣದಲ್ಲಿ ಪ್ರತಿ ಅಂಗವೂ ಒಂದು ನಿಗದಿತ ಹೊತ್ತಿನಲ್ಲಿ ಆಗಬೇಕು. ಆಗ ಜೀವಕೋಶಗಳ ನಡುವಿನ ಸೂಚನೆ ತಪ್ಪಿದರೆ ಆಮೇಲೆ ತಿದ್ದಲು ಅವಕಾಶ ಇಲ್ಲ. ಥಾಲಿಡೋಮೈಡ್ ಎಂಬ ಮಾತ್ರೆಯಿಂದ ಜಗತ್ತು ಇದನ್ನು ಕಲಿಯಿತು. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂತು, ಗರ್ಭಿಣಿಯರ ವಾಂತಿಗೂ ಕೊಟ್ಟರು, 1961ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ, ಕಣ್ಣು ಕಿವಿ ಹೃದಯದ ತೊಂದರೆಯಿಂದ ಹುಟ್ಟಿದ್ದರು. ಹೆಚ್ಚಿನ ತಾಯಂದಿರಿಗೆ ಏನೂ ಆಗಿರಲಿಲ್ಲ. ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದ ನಡುವೆ ತೆಗೆದುಕೊಂಡವರ ಮಕ್ಕಳಿಗೆ ಪೆಟ್ಟು ಬಿತ್ತು. ಮಾತ್ರೆ ಅದೇ, ದಿನ ಬೇರೆ. ಮೆದುಳಿಗಂತೂ ಅಪಾಯದ ಅವಧಿ ಇನ್ನೂ ಉದ್ದ. ಅದು ಒಂಬತ್ತು ತಿಂಗಳೂ, ಹುಟ್ಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಎಂಡೋಸಲ್ಫಾನ್ ನರಗಳ ಮೇಲೆ ಕೆಲಸ ಮಾಡುವ ವಿಷ ಎಂಬುದನ್ನು ಇದರ ಜೊತೆ ಇಟ್ಟು ನೋಡಿ.

ನಿಮ್ಮ ಕೆಲಸಕ್ಕೆ ಬೇಕಾದ್ದು ಒಂದು ಹೇಳುತ್ತೇನೆ. ನೀರ್ಚಾಲಿನ ಹುಡುಗಿಗೆ ಹೇಳಿದ ಆ ಮಡಚಿ ಕೊಳವೆಯಾಗುವ ಕೆಲಸ ಮನುಷ್ಯರಲ್ಲಿ 28ನೇ ದಿನದ ಹೊತ್ತಿಗೆ ಮುಗಿಯುತ್ತದೆ. ಎಷ್ಟೋ ಹೆಂಗಸರಿಗೆ ಆಗ ಬಸುರಿ ಅಂತಲೇ ಗೊತ್ತಿರುವುದಿಲ್ಲ. ಕೊಳವೆ ಕೆಳಗೆ ಮುಚ್ಚದೆ ಉಳಿದರೆ ಮಗುವಿನ ಬೆನ್ನುಹುರಿಗೆ ತೊಂದರೆ. ಹಿಂದೆ ಅಂಥ ಮಗು ಹುಟ್ಟಿದ್ದ ತಾಯಂದಿರಿಗೆ ಫೋಲಿಕ್ ಆಮ್ಲ ಮೊದಲೇ ಕೊಟ್ಟರೆ ಅದು ಮತ್ತೆ ಆಗುವುದು ಶೇಕಡಾ 72ರಷ್ಟು ಕಡಿಮೆ ಎಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆ ತೋರಿಸಿತು. ಹಾಗಾಗಿ ಎರಡನೇ ತಿಂಗಳು ಹೆಸರು ಬರೆಸಿದ ಮೇಲೆ ಮಾತ್ರೆ ಕೊಡುವುದು ಈ ಒಂದು ವಿಷಯಕ್ಕೆ ತಡವಾಯಿತು. ಮಗು ಬೇಕು ಎಂದುಕೊಂಡಾಗಲೇ ಡಾಕ್ಟರನ್ನು ಕೇಳಿ ಶುರುಮಾಡಲು ಹೊಸ ಮದುಮಗಳು ಬಂದ ಮನೆಗಳಲ್ಲಿ ಹೇಳಿ.

*ಮೂರು ಬಣ್ಣದ ಬೆಕ್ಕು ಯಾವಾಗಲೂ ಹೆಣ್ಣೇ ಯಾಕೆ?*
— ಬದಿಯಡ್ಕದಿಂದ ಒಬ್ಬ ಹುಡುಗ

ಕೆಂಪು ಕೂದಲಿನ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದು. ಹೆಣ್ಣುಮರಿ ಇನ್ನೂ ಕೆಲವೇ ಜೀವಕೋಶ ಇರುವಾಗ ಪ್ರತಿ ಜೀವಕೋಶವೂ ಎರಡರಲ್ಲಿ ಒಂದು ಎಕ್ಸನ್ನು ಮುಚ್ಚಿಬಿಡುತ್ತದೆ, ಯಾವುದು ಎಂಬುದಕ್ಕೆ ನಿಯಮ ಇಲ್ಲ. ಅದರ ಸಂತಾನವೆಲ್ಲ ಅದನ್ನೇ ಮುಂದುವರಿಸುತ್ತದೆ. ಒಂದರ ವಂಶ ಕೆಂಪು ಮಚ್ಚೆ, ಇನ್ನೊಂದರ ವಂಶ ಕಪ್ಪು ಮಚ್ಚೆ. ಬಿಳಿ ಬೇರೆ ಜೀನಿನದ್ದು. 1961ರಲ್ಲಿ ಮೇರಿ ಲಯಾನ್ ಇಲಿಗಳ ಬಣ್ಣ ನೋಡಿ ಇದನ್ನು ಹೇಳಿದರು. ಒಂದು ಎಕ್ಸ್ ಹೆಚ್ಚಿಗೆ ಇರುವ ಗಂಡು ಬೆಕ್ಕು ಅಪರೂಪಕ್ಕೆ ಹುಟ್ಟುತ್ತದೆ, ಅದಕ್ಕೂ ಮೂರು ಬಣ್ಣ ಇರಬಹುದು.

*ತೆಂಗಿನಲ್ಲಿ ಎಡಗೈ, ಬಲಗೈ ಮರ ಅಂತ ಇದೆಯಂತೆ. ಹೌದಾ?*
— ಓದುಗರು, ಕುಂಬಳೆ

ಹೌದು. ಸುಳಿಯಲ್ಲಿ ಒಂದರ ನಂತರ ಒಂದು ಮಡಲು ಹುಟ್ಟುವಾಗ ಪ್ರತಿಯೊಂದೂ ಹಿಂದಿನದರಿಂದ ಸುಮಾರು 140 ಡಿಗ್ರಿ ತಿರುಗಿ ನಿಲ್ಲುತ್ತದೆ. ಕೆಲವು ಮರದಲ್ಲಿ ಆ ಸುತ್ತು ಎಡಕ್ಕೆ, ಕೆಲವು ಮರದಲ್ಲಿ ಬಲಕ್ಕೆ. ಟಿ.ಎ. ಡೇವಿಸ್ ಎಂಬ ನಮ್ಮ ದೇಶದ ವಿಜ್ಞಾನಿ 1960ರ ದಶಕದಲ್ಲಿ ತುಂಬ ಮರಗಳನ್ನು ಎಣಿಸಿ ನೋಡಿದರು. ಎಡಮರದ ಕಾಯಿ ನೆಟ್ಟರೂ ಬಲಮರದ ಕಾಯಿ ನೆಟ್ಟರೂ ಸಸಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಎಡ, ಅರ್ಧ ಬಲ. ತಾಯಿಮರದಿಂದ ಬರುವ ಗುಣ ಅಲ್ಲ ಅದು. ಸಸಿ ಚಿಕ್ಕದಿರುವಾಗ ಒಮ್ಮೆ ಯಾವ ಕಡೆಗೆ ತಿರುಗಿತೋ ಆಮೇಲೆ ಮರ ಬದುಕಿರುವವರೆಗೂ ಅದೇ ಕಡೆ.

ನೋಡುವುದು ಸುಲಭ. ಬುಡದಲ್ಲಿ ನಿಂತು ತಲೆ ಎತ್ತಿ. ಗೊನೆ ತನ್ನ ಮಡಲಿನ ನಡುವಿಗೆ ಸರಿಯಾಗಿ ಇರದೆ ಒಂದು ಬದಿಗೆ ವಾಲಿರುತ್ತದೆ. ಒಂದು ಮರದಲ್ಲಿ ಎಲ್ಲ ಗೊನೆಗಳೂ ಒಂದೇ ಬದಿಗೆ. ನಿಮ್ಮ ತೋಟದಲ್ಲಿ ಎಡಕ್ಕೆ ವಾಲಿದವು ಎಷ್ಟು, ಬಲಕ್ಕೆ ವಾಲಿದವು ಎಷ್ಟು ಎಣಿಸಿ, ಮರಗಳ ಒಟ್ಟು ಲೆಕ್ಕದ ಜೊತೆ ಬರೆದು ಕಳಿಸಿ.